ನಡುರಾತ್ರಿ ಕೆಮ್ಮು, ಎದೆ ಡವಡವ: ಆಗ ಏನು ಮಾಡಬೇಕು?

ಹಗಲೆಲ್ಲ ಬರೀ ಮೂಗು ಸೋರಿಸುತ್ತಿದ್ದ ನೆಗಡಿ, ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಕೆಮ್ಮಾಗಿ ತಿರುಗುತ್ತದೆ. ಗಂಟೆ ಎರಡು. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡಿದೆ, ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಮನೆಯವರೆಲ್ಲ ಗೊರಕೆಯಲ್ಲಿದ್ದಾರೆ. ‘ಹಾರ್ಟ್ ಅಟ್ಯಾಕ್ ಇರಬಹುದಾ’ ಎಂಬ ಯೋಚನೆ ಹುಟ್ಟುವುದು ಇಂಥ ಹೊತ್ತಲ್ಲೇ. ಕಳೆದ ಮಳೆಗಾಲದಲ್ಲಿ ನನಗೂ ಹುಟ್ಟಿತ್ತು.

ಮೊದಲು ಎದ್ದು ಕೂತುಕೊಳ್ಳಿ. ಮಲಗಿದಾಗ ಮೂಗಿನ ಹಿಂದಿನ ಸಿಂಬಳ ಗಂಟಲಿಗೆ ಇಳಿದು ಕೆರೆಯುತ್ತದೆ. ರಾತ್ರಿ ಕೆಮ್ಮು ಜೋರಾಗಲು ಮುಖ್ಯ ಕಾರಣವೇ ಅದು. ಎರಡು ಗುಟುಕು ಬಿಸಿನೀರು ಕುಡಿಯಿರಿ, ಒಂದು ಚಮಚ ಜೇನುತುಪ್ಪ ನೆಕ್ಕಿ. (ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ.)

ಕೂತಲ್ಲೇ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಎದೆ ಹಿಂಡಿದಂಥ ನೋವು ಇದೆಯೇ? ಅದು ಕೈಗೆ, ದವಡೆಗೆ ಹರಿಯುತ್ತಿದೆಯೇ? ಒಂದು ವಾಕ್ಯ ಮುಗಿಸುವಷ್ಟೂ ಉಸಿರು ಸಾಲುತ್ತಿಲ್ಲವೇ? ತುಟಿ ನೀಲಿಯಾಗಿದೆಯೇ? ಕಣ್ಣು ಕತ್ತಲೆ ಬರುತ್ತಿದೆಯೇ? ಕಫದಲ್ಲಿ ರಕ್ತ ಅಥವಾ ಗುಲಾಬಿ ಬಣ್ಣದ ನೊರೆ ಕಾಣುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ ಮುಂದೆ ಓದಬೇಡಿ. ಮನೆಯವರನ್ನು ಎಬ್ಬಿಸಿ, 108ಕ್ಕೆ ಕರೆ ಮಾಡಿ. ಬೆಳಗಾಗಲಿ ನೋಡೋಣ ಎನ್ನುವ ಸಂಕೋಚ ಇಲ್ಲಿ ಸಲ್ಲದು.

ಇಲ್ಲವಾದರೆ ನಾಡಿ ಎಣಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 60ರಿಂದ 100 ಸಹಜ. ಜ್ವರವಿದ್ದರೆ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಹತ್ತು ಬಡಿತ ಏರುತ್ತದೆ. ಕೆಮ್ಮಿನ ಅಬ್ಬರವೂ ಹೆದರಿಕೆಯೂ ಅದರ ಮೇಲೆ ಇನ್ನಷ್ಟು ಸೇರಿಸುತ್ತವೆ. ಹಾಗಾಗಿ ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಇಳಿಯುತ್ತಿದ್ದರೆ ಸಮಾಧಾನ. ಸುಮ್ಮನೆ ಕೂತರೂ 120ರ ಮೇಲೇ ನಿಂತಿದ್ದರೆ, ಬಡಿತ ತಾಳ ತಪ್ಪಿ ಬರುತ್ತಿದ್ದರೆ ಆ ರಾತ್ರಿಯೇ ವೈದ್ಯರಿಗೆ ತೋರಿಸಬೇಕು.

ಈಗ ಹೆಚ್ಚಿನವರು ಮರೆಯುವ ಕೆಲಸ: ಸಿರಪ್ ಬಾಟಲಿಯ ಲೇಬಲ್ ಓದುವುದು. ನಾನು ಮೊಬೈಲ್ ಟಾರ್ಚ್ ಹಾಕಿ, ಆ ಇರುವೆ ಅಕ್ಷರಗಳ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ‘ಟರ್ಬ್ಯುಟಲಿನ್’ ಎಂದಿತ್ತು. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಇದೋ, ಲೆವೊಸಾಲ್ಬ್ಯುಟಮಾಲೋ ಇರುತ್ತದೆ. ಬಿಗಿದ ಶ್ವಾಸನಾಳ ಬಿಡಿಸುವ ಔಷಧಗಳಿವು. ಉಬ್ಬಸ ಇದ್ದವರಿಗೆ ಉಪಕಾರಿ. ಆದರೆ ಎದೆಬಡಿತ ಏರಿಸುವುದು, ಕೈ ನಡುಗಿಸುವುದು, ಚಡಪಡಿಕೆ ಹುಟ್ಟಿಸುವುದು ಅವುಗಳ ಗೊತ್ತಿರುವ ಅಡ್ಡಪರಿಣಾಮ. ಅಂದು ನಾನು ಹೆದರಿದ್ದು ಹೃದಯಕ್ಕೆ, ಕುಣಿಸುತ್ತಿದ್ದುದು ಸಿರಪ್! ಅದೂ ಅಳತೆಯ ಮುಚ್ಚಳ ಕಳೆದುಹೋಗಿದೆ ಎಂದು ಅಡುಗೆಮನೆಯ ದೊಡ್ಡ ಚಮಚದಲ್ಲಿ ಕುಡಿದಿದ್ದೆ.

ನೆಗಡಿ ಮಾತ್ರೆಯ ಹಿಂಬದಿಯನ್ನೂ ನೋಡಿ. ಮೂಗು ಬಿಡಿಸುವ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ರಕ್ತನಾಳವನ್ನು ಬಿಗಿಗೊಳಿಸುತ್ತವೆ. ಬಿಪಿ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ಕೆಲವು ಮಾತ್ರೆಗಳಲ್ಲಿ ಕೆಫೀನ್ ಕೂಡ ಇರುತ್ತದೆ. ಅದರ ಮೇಲೆ ರಾತ್ರಿ ಹತ್ತಕ್ಕೆ ‘ಗಂಟಲಿಗೆ ಹಿತ’ ಎಂದು ಕಡಕ್ ಶುಂಠಿ ಚಹಾ ಕುಡಿದರೆ ಎದೆ ಸುಮ್ಮನಿರುತ್ತದೆಯೇ? ಶುಂಠಿ ಇರಲಿ, ಚಹಾಪುಡಿ ಬೇಡ. ಜೀರಿಗೆ–ಕೊತ್ತಂಬರಿ ಕಷಾಯ ಸಾಕು. ಲೇಬಲ್‌ನಲ್ಲಿ ಇಂಥದ್ದು ಕಂಡರೆ ಮತ್ತೊಂದು ಡೋಸ್ ಕುಡಿಯುವ ಮೊದಲು ಬರೆದುಕೊಟ್ಟ ವೈದ್ಯರನ್ನು ಕೇಳಿ. ಹೃದಯದ ಮಾತ್ರೆ, ಅಸ್ತಮಾ ಇನ್‌ಹೇಲರ್‌ಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಹೆದರಿಕೆ ಇಳಿಸಲು ಉಸಿರೇ ದಾರಿ. ಮೂಗು ಕಟ್ಟಿರುವಾಗ ‘ದೀರ್ಘವಾಗಿ ಉಸಿರೆಳೆಯಿರಿ’ ಎಂದರೆ ಮತ್ತೆ ಕೆಮ್ಮೇ ಬರುತ್ತದೆ. ಎಳೆಯುವುದು ಸಣ್ಣದಾಗಿರಲಿ, ಬಿಡುವುದು ನಿಧಾನವಾಗಿರಲಿ. ಬಿಸಿ ಹಾಲು ಊದುವಂತೆ ತುಟಿ ಚೂಪು ಮಾಡಿ, ಮನಸ್ಸಿನಲ್ಲೇ ಆರು ಎಣಿಸುತ್ತ ಬಿಡಿ. ಐದು ನಿಮಿಷ ಹೀಗೆ ಮಾಡಿ.

ಮತ್ತೆ ಮಲಗುವ ಮುನ್ನ ಕೋಣೆಯಲ್ಲಿ ಸೊಳ್ಳೆ ಬತ್ತಿ ಉರಿಯುತ್ತಿದ್ದರೆ ಆಚೆ ಹಾಕಿ. ಆ ಹೊಗೆಯಲ್ಲಿ ಕೆಮ್ಮು ನಿಲ್ಲುವುದಿಲ್ಲ. ಸೊಳ್ಳೆ ಪರದೆ ಕಟ್ಟಿ. ಇನ್ನೊಂದು ದಿಂಬಿಟ್ಟು ತಲೆಯ ಜೊತೆಗೆ ಬೆನ್ನನ್ನೂ ಎತ್ತರಿಸಿಕೊಳ್ಳಿ.

ಮಕ್ಕಳ ವಿಷಯ ಬೇರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್‌ನಲ್ಲೇ ಮುದ್ರಿಸುವಂತೆ ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದಾರೆ. ದೊಡ್ಡವರ ಬಾಟಲಿಯಿಂದ ‘ಅರ್ಧ ಚಮಚ’ ಕೊಡುವ ರೂಢಿ ಬಿಡಿ.

ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದು ಬರೀ ನೆಗಡಿಯಲ್ಲ, ತಡಮಾಡದೆ ತೋರಿಸಿ. ರಾತ್ರಿ ಸುಂಯ್‌ಗುಟ್ಟುವ ಸದ್ದಿದ್ದರೆ ಅಸ್ತಮಾ ಇರಬಹುದು. ಕೆಮ್ಮು ಎರಡು ವಾರ ದಾಟಿದರೆ ಕ್ಷಯ (ಟಿಬಿ) ಇದೆಯೇ ಎಂದು ನೋಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಕಫ ಪರೀಕ್ಷೆ ಉಚಿತ. ಹೋಗುವಾಗ ಚೀಟಿಯ ಜೊತೆ ಆ ಸಿರಪ್ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.