ಡಾಂಬರಿನಿಂದ ಇಳಿದ ಚಕ್ರ: ಹತೋಟಿ ತಪ್ಪದಂತೆ ಕಲಿಸಿದ ನನ್ನ ಅನುಭವ

ಚಾಲಕನ ಹತೋಟಿ ತಪ್ಪಿ ಕಾರು ಮಗುಚಿತು ಎಂಬ ವಾಕ್ಯವನ್ನು ಓದಿದಾಗಲೆಲ್ಲ, ಹತೋಟಿ ತಪ್ಪುವ ಮುಂಚಿನ ಎರಡು ಸೆಕೆಂಡುಗಳಲ್ಲಿ ನಡೆದದ್ದೇನು ಎಂಬುದನ್ನು ಯಾರೂ ಬರೆಯುವುದಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ. ಹದಿನಾರು ವರ್ಷಗಳಿಂದ ಚಾಲನೆ ಕಲಿಸುತ್ತಿರುವ ನಾನು ಕಳೆದ ಏಳು ವರ್ಷಗಳನ್ನು ಒಂದೇ ಬಗೆಯ ಅಪಘಾತಕ್ಕೆ ಮೀಸಲಿಟ್ಟಿದ್ದೇನೆ. ರಸ್ತೆಯಂಚಿನ ಕಡೆಯ ಚಕ್ರಗಳು ಡಾಂಬರಿನಿಂದ ಮಣ್ಣಿಗೆ ಇಳಿಯುತ್ತವೆ, ಚಾಲಕ ಬೆಚ್ಚಿ ಸ್ಟೀರಿಂಗ್ ಎಳೆಯುತ್ತಾನೆ, ಕಾರು ಎದುರಿನ ಸಾಲಿಗೆ ನುಗ್ಗುತ್ತದೆ ಅಥವಾ ಅಡ್ಡ ತಿರುಗಿ ಮಗುಚುತ್ತದೆ. ಮೈದಾನದಲ್ಲಿ ಕೃತಕ ಅಂಚು ಕಟ್ಟಿ ಇದನ್ನು ಅಭ್ಯಾಸ ಮಾಡಿಸಬಹುದು ಎಂದು ನಾನು ಹೇಳಿದಾಗ ಜೊತೆಯ ತರಬೇತುದಾರರಲ್ಲಿ ಒಬ್ಬರೂ ಒಪ್ಪಲಿಲ್ಲ. ಅಂಚಿಗೆ ಇಳಿಯಬೇಡ ಎಂದು ಎಚ್ಚರಿಸಿದರೆ ಸಾಲದೇ, ಇಳಿಸಿ ತೋರಿಸುವುದೇಕೆ ಎಂಬುದು ಅವರ ವಾದವಾಗಿತ್ತು. ಈಗ ಅವರಲ್ಲೇ ಮೂವರು ಬಂದು ನನ್ನ ಅಂಚಿನ ಅಳತೆಗಳನ್ನು ಬರೆದುಕೊಂಡು ಹೋಗಿದ್ದಾರೆ.

ಇದಕ್ಕೆ ಮೊದಲು ನಾನೂ ಎಲ್ಲರಂತೆ ಸ್ಕಿಡ್ ತರಬೇತಿಯನ್ನೇ ಕೊಡುತ್ತಿದ್ದೆ. ಸೋಪಿನ ನೀರು ಸುರಿದ ಅಂಗಳದಲ್ಲಿ ಹಿಂಭಾಗ ಜಾರಿದಾಗ ಸ್ಟೀರಿಂಗನ್ನು ಜಾರಿದ ಕಡೆಗೇ ತಿರುಗಿಸಿ ಕಾರನ್ನು ನೆಟ್ಟಗೆ ಮಾಡುವುದನ್ನು ಎರಡು ದಿನಗಳಲ್ಲಿ ಕಲಿಸುತ್ತಿದ್ದೆ, ಕಲಿತವರು ಬಹಳ ಸಂತೋಷದಿಂದ ಹಿಂದಿರುಗುತ್ತಿದ್ದರು. ಆ ಸಂತೋಷವೇ ಅಪಾಯಕಾರಿ ಎಂದು ಅರಿಯಲು ನನಗೆ ಮೂರು ವರ್ಷ ಬೇಕಾಯಿತು. ಜಾರಿದರೂ ಸರಿಪಡಿಸಬಲ್ಲೆ ಎಂಬ ಧೈರ್ಯ ಬಂದವನು ತಿರುವಿಗೆ ಮೊದಲಿಗಿಂತ ವೇಗವಾಗಿ ನುಗ್ಗುತ್ತಾನೆ, ಆದರೆ ಕೈಯ ಅಭ್ಯಾಸ ಕೆಲವೇ ತಿಂಗಳಲ್ಲಿ ಮರೆತುಹೋಗಿರುತ್ತದೆ. ಜಾರುವ ರಸ್ತೆಯ ತರಬೇತಿ ಪಡೆದ ಯುವಕರಲ್ಲಿ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಿದ್ದನ್ನು ನಾರ್ವೆಯಲ್ಲಿ 1980ರ ದಶಕದಲ್ಲೇ ಕಂಡುಕೊಂಡಿದ್ದರು. ಅದನ್ನು ಮೊದಲೇ ಓದಿದ್ದರೆ ಅಂಗಳಕ್ಕೆ ಸುರಿದ ಹಣವಾದರೂ ಉಳಿಯುತ್ತಿತ್ತು.

ನನ್ನ ಕಣ್ಣು ತೆರೆಸಿದ್ದು ಹಳೆಯ ಶಿಷ್ಯನೊಬ್ಬನ ಅಪಘಾತ. ಅವನು ಜೀವ ಉಳಿಸಿಕೊಂಡ. ಸ್ಥಳಕ್ಕೆ ಹೋಗಿ ನೋಡಿದಾಗ ಮಣ್ಣಿನಲ್ಲಿ ಸುಮಾರು ಮೂವತ್ತು ಮೀಟರ್ ಉದ್ದದ ನೇರ ಗುರುತು, ಡಾಂಬರಿನ ಅಂಚಿನ ಗೋಡೆಗೆ ಟೈರಿನ ಬದಿ ಉಜ್ಜಿದ ಕಪ್ಪು ಗೆರೆ, ಅಲ್ಲಿಂದ ಮುಂದೆ ರಸ್ತೆಯ ಆಚೆ ಬದಿಗೆ ಬಾಗಿದ ಗುರುತು ಕಂಡವು. ಅಂಚು ಅಂಗೈ ಅಗಲದಷ್ಟು ಎತ್ತರವಿತ್ತು. ಹತ್ತಲಾರದ ಚಕ್ರವನ್ನು ಹತ್ತಿಸಲು ಚಾಲಕ ಸ್ಟೀರಿಂಗನ್ನು ಇನ್ನಷ್ಟು, ಮತ್ತಷ್ಟು ತಿರುಗಿಸುತ್ತಾನೆ, ಅಂಚಿನ ಗೋಡೆ ತಡೆಯುವುದರಿಂದ ಕಾರು ಮಾತ್ರ ನೇರವಾಗಿಯೇ ಹೋಗುತ್ತಿರುತ್ತದೆ. ಚಕ್ರ ಮೇಲೇರಿದ ಕ್ಷಣದಲ್ಲಿ ಆ ತಡೆ ಇಲ್ಲವಾಗಿ, ಅಷ್ಟೂ ತಿರುವು ಒಮ್ಮೆಗೇ ಡಾಂಬರನ್ನು ಕಚ್ಚುತ್ತದೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 20 ಮೀಟರ್ ಸಾಗುತ್ತಿರುವಾಗ, ಮೂರೂವರೆ ಮೀಟರ್ ಅಗಲದ ಸಾಲನ್ನು ಅಡ್ಡವಾಗಿ ದಾಟುವುದಕ್ಕೆ ಎಷ್ಟು ಹೊತ್ತು ಬೇಕು? ಗಾಬರಿಯಾದ ಚಾಲಕ ತಕ್ಷಣ ವಿರುದ್ಧ ದಿಕ್ಕಿಗೆ ಎಳೆದರೆ ಹಿಂಭಾಗ ಬೀಸಿ ತಿರುಗುತ್ತದೆ. ನನ್ನ ಶಿಷ್ಯ ಅದನ್ನೇ ಮಾಡಿದ್ದ, ನಾನು ಕಲಿಸಿದ್ದ ಸ್ಕಿಡ್ ಪಾಠ ಅವನ ನೆರವಿಗೆ ಬರಲಿಲ್ಲ.

ಮೊದಲ ಅಂಚನ್ನು ಹತ್ತು ಸೆಂಟಿಮೀಟರ್ ಎತ್ತರದ ಕಾಂಕ್ರೀಟ್ ದಿಂಡುಗಳಿಂದ ಕಟ್ಟಿದೆ. ನಿಜವಾದ ರಸ್ತೆಯಂತೆಯೇ ಇರಲಿ ಎಂಬ ಹಟದಿಂದ ಮಾಡಿದ ತಪ್ಪು ಅದು. ಮೂರು ತಿಂಗಳಲ್ಲಿ ಎಂಟೋ ಒಂಬತ್ತೋ ಟೈರುಗಳ ಬದಿ ಸೀಳಿದವು, ಮೂರು ರಿಮ್‌ಗಳು ಬಾಗಿದವು, ಶುಲ್ಕವಾಗಿ ಬಂದದ್ದರಲ್ಲಿ ಸುಮಾರು ಮೂರನೆಯ ಒಂದು ಭಾಗ ಟೈರಿಗೇ ಹೋಯಿತು. ಬಳಿಕ ಇಳಿಜಾರಾಗಿ ಕೆತ್ತಿದ ಮರದ ಅಂಚು ಹಾಕಿಸಿದೆ. ಟೈರುಗಳೇನೋ ಉಳಿದವು, ಆದರೆ ಚಕ್ರ ಸಲೀಸಾಗಿ ಹತ್ತಿಬಿಡುತ್ತಿದ್ದುದರಿಂದ ಕಲಿಯುವವನಿಗೆ ಆ ತಡೆಯ ಅನುಭವವೇ ಆಗಲಿಲ್ಲ, ಮರದ ಖರ್ಚು ಪೂರ್ತಿ ವ್ಯರ್ಥವಾಯಿತು. ಕೊನೆಗೆ ನಿಂತದ್ದು ಆರು ಸೆಂಟಿಮೀಟರ್ ಎತ್ತರದ ನೇರ ಮರದ ತೊಲೆ, ಅದರ ಮುಖಕ್ಕೆ ಬಿಗಿದ ಹಳೆಯ ಕನ್ವೇಯರ್ ಬೆಲ್ಟಿನ ದಪ್ಪ ರಬ್ಬರು, ಸ್ವಲ್ಪವೇ ದುಂಡಾಗಿಸಿದ ಮೇಲಿನ ಮೂಲೆ. ಇದು ಚಕ್ರವನ್ನು ತಡೆಯುತ್ತದೆ, ಟೈರನ್ನು ಸೀಳುವುದಿಲ್ಲ. ಕಳೆದ ವರ್ಷವಿಡೀ ಎರಡೇ ಟೈರು ಬದಲಾಯಿಸಿದ್ದೇನೆ.

ಕಲಿಸುವ ಕ್ರಮ ಹೇಳುವುದಕ್ಕೆ ಸುಲಭ. ಚಕ್ರ ಇಳಿದಾಗ ಸ್ಟೀರಿಂಗನ್ನು ನೇರವಾಗಿ ಹಿಡಿದು ಮಣ್ಣಿನಲ್ಲೇ ಮುಂದುವರಿಯಬೇಕು, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಬ್ರೇಕ್ ತುಳಿಯಬಾರದು, ವೇಗ ತಾನಾಗಿ ಚೆನ್ನಾಗಿ ಇಳಿದ ಮೇಲೆ ಹಿಂದೆ ಮುಂದೆ ನೋಡಿ ಸ್ವಲ್ಪವೇ ತಿರುಗಿಸಿ ಹತ್ತಬೇಕು, ಹತ್ತಿದೊಡನೆ ಸ್ಟೀರಿಂಗನ್ನು ನೇರಕ್ಕೆ ತರಬೇಕು. ಮುಂದೆ ಮರವೋ ಮೋರಿಯೋ ಇದ್ದರೆ ಲೆಕ್ಕಾಚಾರ ಬೇರೆ, ಅದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸುತ್ತೇನೆ. ಕಷ್ಟವಿರುವುದು ಮಣ್ಣಿನಲ್ಲಿ ಉಳಿಯುವ ಮನಸ್ಸು ತರಿಸುವುದರಲ್ಲಿ. ಇಳಿಯುವುದು ಮೊದಲೇ ತಿಳಿದಿದ್ದರೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ, ಆದ್ದರಿಂದ ಗಮನ ಬೇರೆಡೆ ಇರುವಾಗಲೇ ಚಕ್ರ ಇಳಿಯಬೇಕು. ಅದನ್ನು ಸಾಧಿಸುವ ಉಪಾಯವನ್ನು ಕಂಡುಕೊಳ್ಳಲು ಎರಡು ವರ್ಷ ಕಳೆದಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಮೈದಾನಕ್ಕೆ ಬಂದವರಿಗೆ ತೋರಿಸುತ್ತೇನೆ. ಇಷ್ಟು ಮಾತ್ರ ಹೇಳಬಲ್ಲೆ: 40 ಕಿ.ಮೀ. ವೇಗ ಮೀರಬಾರದು, ಪಕ್ಕದಲ್ಲಿ ಕುಳಿತವನ ಕೈ ಸ್ಟೀರಿಂಗಿನ ಕೆಳಭಾಗದ ಹತ್ತಿರವೇ ಇರಬೇಕು.

ಹೊಸ ಕಾರುಗಳಲ್ಲಿ ಇ.ಎಸ್.ಸಿ. (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಕಾರು ಜಾರದಂತೆ ತಾನಾಗಿ ತಡೆಯುವ ವ್ಯವಸ್ಥೆ) ಇರುವಾಗ ಈ ಪಾಡು ಏಕೆ ಎಂದು ಕೇಳಿದವರಿದ್ದಾರೆ. 1995ರಲ್ಲಿ ಕಾರುಗಳಿಗೆ ಬಂದ ಈ ವ್ಯವಸ್ಥೆ ಎಷ್ಟೋ ಜೀವಗಳನ್ನು ಉಳಿಸಿದೆ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಸ್ಟೀರಿಂಗ್ ತೋರಿಸಿದ ದಿಕ್ಕನ್ನೇ ಚಾಲಕನ ಇಚ್ಛೆ ಎಂದು ತಿಳಿದು, ಬೇಕಾದ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ಆ ದಿಕ್ಕಿಗೆ ಒಯ್ಯುತ್ತದೆ. ಸ್ಟೀರಿಂಗ್ ಎದುರಿನ ಸಾಲಿನ ಕಡೆಗೆ ತಿರುಗಿದ್ದರೆ ಕಾರು ಜಾರದೆ ಅಲ್ಲಿಗೇ ಹೋಗುತ್ತದೆ. ಎರಡೂ ಬಗೆಯ ಕಾರುಗಳಲ್ಲಿ ಇದನ್ನು ನೋಡಿದ ಮೇಲೆಯೇ ಹೇಳುತ್ತಿದ್ದೇನೆ.

ಹಳೆಯ ಅಂಗಳ ಖಾಲಿ ಬಿದ್ದಿದ್ದರಿಂದ ಒಮ್ಮೆ ಟೈರುಗಳನ್ನೂ ಪರೀಕ್ಷಿಸಿದೆ. ಎರಡೇ ಹೊಸ ಟೈರು ಕೊಂಡರೆ ಮುಂದಕ್ಕೆ ಹಾಕಬೇಕು ಎಂದು ನಾನೂ ನಂಬಿದ್ದೆ. ನೀರು ನಿಂತ ತಿರುವಿನಲ್ಲಿ, 50 ಕಿ.ಮೀ. ಆಸುಪಾಸಿನಲ್ಲಿ, ಸವೆದ ಟೈರು ಮುಂದಿದ್ದಾಗ ಕಾರು ತಿರುವು ಬಿಟ್ಟು ಹೊರಕ್ಕೆ ಸಾಗಿತು, ವೇಗ ಇಳಿಸಿದೊಡನೆ ಮಾತು ಕೇಳಿತು. ಅವೇ ಟೈರುಗಳನ್ನು ಹಿಂದಕ್ಕೆ ಹಾಕಿದಾಗ ಯಾವ ಮುನ್ಸೂಚನೆಯೂ ಇಲ್ಲದೆ ಬಾಲ ಬೀಸಿತು, ಆರು ಸಲದಲ್ಲಿ ನಾಲ್ಕು ಸಲ ನನ್ನಿಂದಲೇ ಸರಿಪಡಿಸಲಾಗಲಿಲ್ಲ. ಅಂದಿನಿಂದ ಹೆಚ್ಚು ಟ್ರೆಡ್ ಇರುವ ಜೋಡಿ ನನ್ನ ಎಲ್ಲ ಕಾರುಗಳಲ್ಲೂ ಹಿಂದೆಯೇ ಇರುತ್ತದೆ.

ನೆನಪಿನಿಂದ ಹೇಳುವುದಾದರೆ, ಈವರೆಗೆ ಸುಮಾರು ನಾನ್ನೂರು ಮಂದಿ ಈ ಅಂಚಿನ ಮೇಲೆ ಕಲಿತಿದ್ದಾರೆ. ಮೊದಲ ಸಲ ಚಕ್ರ ಇಳಿದಾಗ ಹತ್ತರಲ್ಲಿ ಏಳೆಂಟು ಮಂದಿ ಸ್ಟೀರಿಂಗ್ ಎಳೆಯುತ್ತಾರೆ. ಆರು ತಿಂಗಳ ಬಳಿಕ ಮತ್ತೆ ಕರೆಸಿ, ಮುಂಚೆ ತಿಳಿಸದೆ ಇಳಿಸಿದಾಗ ಹಾಗೆ ಎಳೆಯುವವರು ಹತ್ತರಲ್ಲಿ ಇಬ್ಬರಿಗಿಂತ ಹೆಚ್ಚಿರುವುದಿಲ್ಲ, ಅವರಿಗೆ ಶುಲ್ಕವಿಲ್ಲದೆ ಇನ್ನೊಂದು ದಿನ ಕಲಿಸುತ್ತೇನೆ. ಕಲಿತವರಲ್ಲಿ ಐದು ಮಂದಿ ನಿಜವಾದ ರಸ್ತೆಯಲ್ಲಿ ಚಕ್ರ ಇಳಿದಾಗ ಮಣ್ಣಿನಲ್ಲೇ ಸಾಗಿ, ನಿಧಾನವಾಗಿ ಮೇಲೆ ಬಂದದ್ದನ್ನು ಫೋನಿನಲ್ಲಿ ತಿಳಿಸಿದ್ದಾರೆ. ಎತ್ತರದ ವಾಹನಗಳಿಗೆ ಮಾತ್ರ ಇನ್ನೂ ನಾಲ್ಕು ಸೆಂಟಿಮೀಟರಿನ ಅಂಚನ್ನೇ ಬಳಸುತ್ತಿದ್ದೇನೆ, ವೇಗ 25 ಕಿ.ಮೀ. ದಾಟಿಸಿಲ್ಲ, ಹೇರು ಹಾಕಿದ ವಾಹನದಲ್ಲಿ ಈವರೆಗೆ ಮಾಡಿಸಿಲ್ಲ. ಮುಂದಿನ ತಿಂಗಳು ಮರಳಿನ ಚೀಲಗಳನ್ನು ತುಂಬಿ, ನಾನೊಬ್ಬನೇ ಕುಳಿತು ಅದನ್ನು ಮೊದಲು ನೋಡಬೇಕೆಂದಿದ್ದೇನೆ.