ಮೂಲೆಯ ಕಸದ ಗುಡ್ಡೆಯನ್ನು ತೆಗೆದು ಮತ್ತೆ ಬೀಳದಂತೆ ನೋಡಿಕೊಳ್ಳುವುದು: ಬೆಂಗಳೂರಿನ ಬೀದಿಯಲ್ಲಿ ಶ್ರಮದಾನ ನಡೆಸುವ ಬಗೆ

ಬೆಂಗಳೂರಿನಲ್ಲಿ ವಾಸಿಸುವವರಿಗೆ ಬ್ಲ್ಯಾಕ್ ಸ್ಪಾಟ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರ್‌ನ ಬುಡ, ಖಾಲಿ ಸೈಟಿನ ಕಾಂಪೌಂಡು, ಪಾರ್ಕಿನ ಹಿಂಗೋಡೆ, ಮೇಲ್ಸೇತುವೆಯ ಕೆಳಗಿನ ಕತ್ತಲು, ರಾಜಕಾಲುವೆ ತಿರುಗುವ ಜಾಗ, ಹೀಗೆ ಯಾರ ಮನೆಯ ಬಾಗಿಲಿಗೂ ಎದುರಾಗದ ಸ್ಥಳಗಳಲ್ಲಿ ಒಬ್ಬರು ಇಟ್ಟ ಒಂದು ಚೀಲವು ವಾರದೊಳಗೆ ಗುಡ್ಡೆಯಾಗಿರುತ್ತದೆ. ಅಂಥ ಒಂದು ಜಾಗವನ್ನು ಊರಿನ ಜನರೇ ಸೇರಿ ಒಂದು ಬೆಳಗಿನಲ್ಲಿ ತೆರವುಗೊಳಿಸಿ ಚೆಂದ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾವು ಮೊದಲ ಸಲ ಈ ಕೆಲಸಕ್ಕೆ ಇಳಿದಾಗ ಮೂವತ್ತು ಜನ ಸೇರಿ ನಾಲ್ಕು ಗಂಟೆ ದುಡಿದು, ಗೋಡೆಗೆ ಬಣ್ಣ ಬಳಿದು, ಎಂಟು ಹೂಕುಂಡಗಳನ್ನು ಇಟ್ಟು ಮನೆಗೆ ಹೋದೆವು. ಮೂರನೆಯ ದಿನ ಬಂದು ನೋಡಿದರೆ ಕುಂಡಗಳ ಮೇಲೆಯೇ ಕಸ ಬಿದ್ದಿತ್ತು, ಎರಡು ಕುಂಡಗಳಂತೂ ಇರಲೇ ಇಲ್ಲ. ಕಸವನ್ನು ತೆಗೆಯುವುದಕ್ಕೆ ನಾವು ಸಿದ್ಧರಾಗಿದ್ದೆವೇ ಹೊರತು ಅದು ಅಲ್ಲಿಗೇ ಏಕೆ ಬರುತ್ತದೆ ಎಂದು ಯಾರೂ ವಿಚಾರಿಸಿರಲಿಲ್ಲ.

ಆದ್ದರಿಂದ ಪೊರಕೆ ಕೊಳ್ಳುವ ಮೊದಲು ಒಂದು ವಾರ ಸುಮ್ಮನೆ ನೋಡಬೇಕು. ಇಬ್ಬರು ಮೂವರು ಸರದಿಯ ಮೇಲೆ ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಮತ್ತು ರಾತ್ರಿ ಒಂಬತ್ತರಿಂದ ಹನ್ನೊಂದೂವರೆಯವರೆಗೆ, ಎದುರಿನ ಅಂಗಡಿಯ ಕಟ್ಟೆಯಲ್ಲೋ ಮನೆಯ ಬಾಲ್ಕನಿಯಲ್ಲೋ ಕುಳಿತು, ಯಾರು ಬಂದರು, ಯಾವ ಹೊತ್ತಿಗೆ, ಏನನ್ನು ಎಸೆದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಹೆಸರು ಬೇಡ, ಫೋಟೊ ಬೇಡ, ಜಗಳವಂತೂ ಬೇಡವೇ ಬೇಡ. ಈ ವಾರದಲ್ಲಿ ತಿಳಿಯುವ ಸಂಗತಿಗಳು ಸಾಮಾನ್ಯವಾಗಿ ನಮ್ಮ ಊಹೆಯನ್ನು ಸುಳ್ಳಾಗಿಸುತ್ತವೆ. ಮನೆ ಮನೆಯ ಕಸ ಒಯ್ಯುವ ಆಟೊ ಟಿಪ್ಪರ್ ಬೀದಿಗೆ ಬರುವುದು ಒಂಬತ್ತು ಗಂಟೆಗಾದರೆ, ಏಳೂವರೆಗೇ ಕೆಲಸಕ್ಕೆ ಹೊರಡುವ ಪಿಜಿಯ ಹುಡುಗ ಹುಡುಗಿಯರು, ಒಂಟಿಯಾಗಿ ಬಾಡಿಗೆಗೆ ಇರುವವರು ತಮ್ಮ ಕಸವನ್ನು ಎಲ್ಲಿ ಬಿಡಬೇಕು? ಅವರು ಹೋಗುವ ದಾರಿಯಲ್ಲಿ ಆ ಮೂಲೆ ಸಿಗುತ್ತದೆ. ರಾತ್ರಿ ಬಾಗಿಲು ಹಾಕುವ ತಳ್ಳುಗಾಡಿಯವರು, ಕೋಳಿ ಅಂಗಡಿಯವರು, ಸ್ಕೂಟರ್ ನಿಲ್ಲಿಸದೆಯೇ ಚೀಲ ತೂರಿ ಹೋಗುವ ಬೇರೆ ಬಡಾವಣೆಯವರು, ಮನೆ ರಿಪೇರಿಯ ಇಟ್ಟಿಗೆ ಚೂರನ್ನು ಸುರಿದು ಹೋಗುವ ಗಾಡಿಯವರು, ಇವರೆಲ್ಲರೂ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಾರಣಕ್ಕೆ ಬರುತ್ತಾರೆ. ಕೆಲವು ಕಡೆ ಆ ಗುಡ್ಡೆಯನ್ನು ಮಾಡುವವರು ಪೌರಕಾರ್ಮಿಕರೇ ಆಗಿರುತ್ತಾರೆ. ಗುಡಿಸಿದ ಕಸವನ್ನು ಗಾಡಿ ಬರುವವರೆಗೆ ಕೂಡಿಡಲು ಅವರಿಗೆ ಬೇರೆ ಜಾಗವನ್ನು ಯಾರೂ ಕೊಟ್ಟಿರುವುದಿಲ್ಲ. ಕಾರಣ ಯಾವುದೋ ಪರಿಹಾರವೂ ಅದರಂತೆಯೇ ಇರಬೇಕು: ಪಿಜಿಯವರಿದ್ದರೆ ಮಾಲೀಕರೊಡನೆ ಮಾತಾಡಿ ಒಳಗೇ ಎರಡು ಡಬ್ಬಿ ಇರಿಸುವುದು, ತಳ್ಳುಗಾಡಿಯವರಿದ್ದರೆ ರಾತ್ರಿಯ ಕಸ ಒಯ್ಯುವ ವ್ಯವಸ್ಥೆ ಕೇಳುವುದು, ಬೇರೆ ಬಡಾವಣೆಯವರಿದ್ದರೆ ದೀಪ ಮತ್ತು ಕ್ಯಾಮೆರಾ. ಪೌರಕಾರ್ಮಿಕರ ಗುಡ್ಡೆಯಾಗಿದ್ದರೆ ಅವರನ್ನೂ ಮೇಸ್ತ್ರಿಯನ್ನೂ ಕೂರಿಸಿಕೊಂಡು ಗಾಡಿಯ ಹೊತ್ತನ್ನು ಹೊಂದಿಸದೆ ಅಲ್ಲಿ ಬಣ್ಣ ಬಳಿಯುವುದು ವ್ಯರ್ಥ.

ಜಾಗವನ್ನು ಆರಿಸುವಾಗ ಆಸೆಯನ್ನು ಕಡಿಮೆ ಮಾಡಿಕೊಳ್ಳಬೇಕು. ನಲವತ್ತು ಅಡಿ ಉದ್ದದ ಒಂದು ಗೋಡೆ ಮತ್ತು ಅದರ ಮುಂದಿನ ಪಾದಚಾರಿ ಮಾರ್ಗ, ಇಪ್ಪತ್ತರಿಂದ ಇಪ್ಪತ್ತೈದು ಜನ, ಮೂರು ಗಂಟೆ, ಇಷ್ಟೇ ಮೊದಲ ಸಲದ ಅಳತೆ. ಇಡೀ ಕೆರೆಯನ್ನೋ ಇಡೀ ರಸ್ತೆಯನ್ನೋ ಒಂದೇ ದಿನ ಹಿಡಿದವರು ಎಲ್ಲವನ್ನೂ ಅರ್ಧ ಮಾಡಿ ಬಿಡುತ್ತಾರೆ, ಮತ್ತು ಅರ್ಧ ಸ್ವಚ್ಛವಾದ ಜಾಗವು ಕಸ ಹಾಕುವವರ ಕಣ್ಣಿಗೆ ಕಸದ ಜಾಗವಾಗಿಯೇ ಕಾಣುತ್ತದೆ. 2010ರಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಕೆಲಸ ಆರಂಭಿಸಿದ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ತಮ್ಮ ಹೆಸರು ಹೇಳಿಕೊಳ್ಳದೆ, ಭಾಷಣ ಮಾಡದೆ, ಒಂದು ಸಲಕ್ಕೆ ಒಂದೇ ಜಾಗವನ್ನು ಪೂರ್ತಿಯಾಗಿ ಸರಿಪಡಿಸುವ ರೂಢಿಯನ್ನು ಈ ನಗರಕ್ಕೆ ಕಲಿಸಿದರು. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ ನಡೆಸಿದ ಸ್ವಚ್ಛತಾ ಅಭಿಯಾನದ ಬಲ ಬೇರೆ ಬಗೆಯದು. ಅಲ್ಲಿ ಭಾನುವಾರದಿಂದ ಭಾನುವಾರಕ್ಕೆ ಬಿಡದೆ ಮುಂದುವರಿಯುವ ಪಟ್ಟು ಇತ್ತು. ವರ್ಷಕ್ಕೊಮ್ಮೆ ಅಕ್ಟೋಬರ್ 2ರಂದು ನಡೆಯುವ ಕಾರ್ಯಕ್ರಮಕ್ಕಿಂತ ಈ ಎರಡು ಮಾದರಿಗಳಿಂದ ಕಲಿಯುವುದು ಹೆಚ್ಚು.

ಅನುಮತಿಯ ವಿಷಯವನ್ನು ಎರಡು ವಾರ ಮೊದಲೇ ಮುಗಿಸಿಕೊಳ್ಳಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹಳೆಯ ವಾರ್ಡ್ ಕಚೇರಿಯ ಬೋರ್ಡನ್ನು ನಂಬಿ ಅರ್ಜಿ ಕೊಟ್ಟರೆ ಒಂದು ವಾರ ಹೋಯಿತೆಂದೇ ಲೆಕ್ಕ. ಆರೋಗ್ಯ ನಿರೀಕ್ಷಕರಿಂದ ನಿಮಗೆ ಬೇಕಾದದ್ದು ಒಂದೇ, ತುಂಬಿದ ಚೀಲಗಳನ್ನು ಅದೇ ದಿನ ಒಯ್ಯುವ ಗಾಡಿಯ ಭರವಸೆ. ಗೋಡೆ ಖಾಸಗಿಯದಾದರೆ ಮಾಲೀಕರಿಂದ ಒಂದು ಸಾಲಿನ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಇದ್ದರೆ ಬೆಸ್ಕಾಂನವರಿಗೆ ತಿಳಿಸದೆ ಅದರ ಬೇಲಿಯೊಳಗೆ ಕೈ ಹಾಕಲೇಬಾರದು. ಕೆಳಗೆ ಬಿದ್ದ ಒದ್ದೆ ಕಸವನ್ನು ಕಬ್ಬಿಣದ ಹಾರೆಯಿಂದ ಎಳೆಯುವುದು ಜೀವಕ್ಕೆ ಎರವಾಗುವ ಕೆಲಸ.

ಇನ್ನು ಲೆಕ್ಕಾಚಾರ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಗುಡ್ಡೆಯೆಂದರೆ 120 ಘನ ಅಡಿ. ಐವತ್ತು ಕಿಲೋ ಅಕ್ಕಿಯ ಗೋಣಿಚೀಲವನ್ನು ಇಬ್ಬರು ಎತ್ತಬಲ್ಲಷ್ಟು ಮಾತ್ರ ತುಂಬಿದರೆ ಅದರಲ್ಲಿ ಒಂದೂವರೆ ಘನ ಅಡಿ ಹಿಡಿಯುತ್ತದೆ, ಅಂದರೆ ಎಂಬತ್ತು ಚೀಲಗಳು ಬೇಕು. ಹೊಸಬರು ಇಪ್ಪತ್ತು ಚೀಲ ತರುತ್ತಾರೆ, ಅರ್ಧ ಗಂಟೆಯಲ್ಲಿ ಅವು ತುಂಬಿ ಹೋಗಿ ಉಳಿದವರೆಲ್ಲ ನಿಂತು ನೋಡುವಂತಾಗುತ್ತದೆ. ಬಣ್ಣದ ಲೆಕ್ಕವೂ ಹೀಗೆಯೇ: ನಲವತ್ತು ಅಡಿ ಉದ್ದ, ಆರು ಅಡಿ ಎತ್ತರದ ಗೋಡೆ 240 ಚದರ ಅಡಿಯಾಗುತ್ತದೆ, ಒರಟು ಗೋಡೆಯ ಮೇಲೆ ಎರಡು ಕೋಟ್ ಬಳಿಯುವಾಗ ಒಂದು ಲೀಟರ್ ಎಮಲ್ಷನ್ ಸುಮಾರು ಐವತ್ತು ಚದರ ಅಡಿಗೆ ಬರುತ್ತದೆಂದು ಹಿಡಿದರೆ ಐದು ಲೀಟರ್ ಸಾಲುತ್ತದೆ, ಪ್ರೈಮರ್ ಬೇರೆ. ಎರಡು ಹಾರೆ, ಮೂರು ಗುದ್ದಲಿ, ಆರು ಸಲಿಕೆ, ಆರು ಬಾಂಡ್ಲಿ, ಕಸ ಎಳೆಯಲು ಹಲ್ಲುಗಳಿರುವ ನಾಲ್ಕು ಪಂಜ, ಉದ್ದ ಹಿಡಿಯ ಪೊರಕೆಗಳು, ಎಲ್ಲರಿಗೂ ದಪ್ಪ ರಬ್ಬರ್ ಕೈಗವಸು ಮತ್ತು ಮಾಸ್ಕ್. ಸಲಿಕೆ ಬಾಂಡ್ಲಿಗಳನ್ನು ಕೊಳ್ಳಬೇಡಿ. ಬೀದಿಯಲ್ಲಿ ಎಲ್ಲೋ ಒಂದು ಮನೆ ಕಟ್ಟುತ್ತಿರುತ್ತಾರೆ, ಭಾನುವಾರ ಅವು ಅಲ್ಲಿ ಸುಮ್ಮನೆ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ.

ಹಿಂದಿನ ದಿನ ಸಂಜೆ ಇಬ್ಬರು ಹೋಗಿ ಗೋಡೆಯ ಪೋಸ್ಟರ್‌ಗಳನ್ನು ನೆನೆಸಿ ಕೆರೆದು, ನೀರು ಹಾಕಿ ತೊಳೆದು ಬರಬೇಕು. ಇದನ್ನು ಅದೇ ದಿನ ಬೆಳಿಗ್ಗೆ ಮಾಡಿದರೆ ಒದ್ದೆ ಗೋಡೆಯ ಮೇಲೆ ಬಳಿದ ಬಣ್ಣ ಮುಂದಿನ ಮಳೆಗೆ ಸಿಪ್ಪೆಯಂತೆ ಏಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಣ್ಣದ ಕೆಲಸವನ್ನು ಇಟ್ಟುಕೊಳ್ಳದಿರುವುದೇ ಲೇಸು. ಆ ತಿಂಗಳುಗಳಲ್ಲಿ ಗಿಡ ನೆಡಿ.

ಕೆಲಸದ ದಿನ ಆರೂವರೆಗೆ ಸೇರಿ ಒಂಬತ್ತೂವರೆಗೆ ಮುಗಿಸಬೇಕು, ಬಿಸಿಲು ಮತ್ತು ವಾಹನ ಎರಡೂ ಏರುವ ಮೊದಲು. ಮೊದಲ ಹತ್ತು ನಿಮಿಷದಲ್ಲಿ ಯಾರು ಯಾವ ಗುಂಪಿನಲ್ಲಿ ಎಂದು ಹೇಳಿಬಿಟ್ಟರೆ ಸಾಕು, ಅತಿಥಿಗಳಿಗೆ ಹಾರ ಹಾಕುವ ಪದ್ಧತಿಯನ್ನು ತಂದುಕೊಂಡರೆ ಏಳೂವರೆಯಾದರೂ ಸಲಿಕೆ ನೆಲ ಮುಟ್ಟುವುದಿಲ್ಲ. ಗುಡ್ಡೆಯನ್ನು ಮೇಲಿನಿಂದ ಪಂಜದಲ್ಲಿ ಹರಡಿಕೊಳ್ಳುತ್ತ ಬರಬೇಕು, ಒಳಕ್ಕೆ ಕೈ ತೂರಿಸಬಾರದು. ಗಾಜು, ಬ್ಲೇಡು, ಸಿರಿಂಜುಗಳು ಒಳಗೇ ಇರುತ್ತವೆ, ಇಲಿ ಹೆಗ್ಗಣಗಳು, ಕೆಲವೊಮ್ಮೆ ಹಾವೂ ಇರುತ್ತವೆ. ಚೂಪಾದ ವಸ್ತುಗಳಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಪ್ರತ್ಯೇಕವಾಗಿ ಇಡಿ. ಯಾರಿಗಾದರೂ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ‘ಆಮೇಲೆ ನೋಡೋಣ’ ಎನ್ನದೆ ಆಗಲೇ ವೈದ್ಯರಲ್ಲಿಗೆ ಕಳಿಸಬೇಕು. ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದವರಿಗೆ ಬಣ್ಣದ ಕೆಲಸ ಕೊಡಿ, ಇಲಿಗಳ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಮಕ್ಕಳಿಗೂ ಬಣ್ಣವೇ. ಚರಂಡಿಯ ಹೂಳನ್ನು ಉದ್ದ ಹಿಡಿಯ ಸಲಿಕೆಯಿಂದ ದಂಡೆಯ ಮೇಲೆ ನಿಂತೇ ಎಳೆಯಬೇಕು; ಮ್ಯಾನ್‌ಹೋಲಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ, ಮತ್ತು ಒಳಗಿನ ವಿಷಾನಿಲಕ್ಕೆ ಸೇವಾಭಾವ ತಿಳಿಯುವುದಿಲ್ಲ.

ಮನೆಯಲ್ಲಿ ಬೇರ್ಪಡಿಸಿದಷ್ಟು ಚೊಕ್ಕವಾಗಿ ಹಳೆಯ ಗುಡ್ಡೆಯನ್ನು ಬೇರ್ಪಡಿಸಲು ಆಗುವುದಿಲ್ಲ. ಆದರೂ 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದ ಹಸಿ, ಒಣ, ಅಪಾಯಕಾರಿ ಎಂಬ ಮೂರು ಭಾಗಗಳ ಜೊತೆಗೆ ಕಟ್ಟಡದ ಚೂರನ್ನು ನಾಲ್ಕನೆಯದಾಗಿ ಇಟ್ಟುಕೊಂಡರೆ ಸಾಗಿಸುವವರಿಗೆ ಅನುಕೂಲ. ಕಲ್ಲು ಮಣ್ಣು ಬೆರೆತ ಚೀಲವನ್ನು ಕಾಂಪ್ಯಾಕ್ಟರ್ ಗಾಡಿಯವರು ಹತ್ತಿಸಿಕೊಳ್ಳಲು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ಒಣ ಪ್ಲಾಸ್ಟಿಕ್ಕು, ಬಾಟಲಿ, ರಟ್ಟುಗಳನ್ನು ಹತ್ತಿರದ ಒಣಕಸ ಸಂಗ್ರಹ ಕೇಂದ್ರಕ್ಕೆ ಕೊಡಿ. ಆ ಕೇಂದ್ರಗಳಲ್ಲಿ ಅನೇಕವನ್ನು ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ, ಯಾವುದು ಮಾರಾಟಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಒಣಗಿದ ಎಲೆಗೆ ಬೆಂಕಿ ಹಚ್ಚಬೇಡಿ, ಮರದ ಬುಡಕ್ಕೇ ಹರಡಿ. ಮರಕ್ಕೆ ಹೊಡೆದ ಮೊಳೆ ಮತ್ತು ಬೋರ್ಡುಗಳನ್ನು ಕೀಳಲು ಒಬ್ಬರಿಗೆ ಇಕ್ಕಳ ಕೊಟ್ಟುಬಿಟ್ಟರೆ ಆ ಕೆಲಸವೂ ಆಗುತ್ತದೆ.

ಗೋಡೆಗೆ ಯಾವ ಬಣ್ಣ ಎಂಬುದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ನೆಲದಿಂದ ಮೂರು ಅಡಿಯವರೆಗೆ ಇಟ್ಟಿಗೆಯ ಕೆಂಪು, ಅದರ ಮೇಲೆ ತಿಳಿ ಬೂದು ಅಥವಾ ಕೆನೆ ಬಣ್ಣ ಬಳಿಯುವ ರೂಢಿ ನಮ್ಮ ನಗರದಲ್ಲಿ ಬೆಳೆದದ್ದಕ್ಕೆ ಕಾರಣವಿದೆ: ಎಲೆ ಅಡಿಕೆಯ ಉಗುಳು ಮತ್ತು ಮಳೆಯ ಕೆಸರು ಕೆಂಪಿನಲ್ಲಿ ಕಾಣುವುದಿಲ್ಲ, ಕಾಣದ ಕಲೆಯ ಪಕ್ಕದಲ್ಲಿ ಉಗುಳಲು ಮುಂದಿನವನಿಗೆ ಧೈರ್ಯ ಬರುವುದಿಲ್ಲ. ದೊಡ್ಡ ಚಿತ್ರಗಳು ಚೆಂದವೇ, ಆದರೆ ಒಂದು ಮೂಲೆ ಉದುರಿದರೆ ಸರಿಪಡಿಸಲು ಅದೇ ಕಲಾವಿದರು ಬೇಕು. ಸರಳವಾದ ತ್ರಿಕೋನ, ಪಟ್ಟೆ ಅಥವಾ ಹಸೆಯ ವಿನ್ಯಾಸವನ್ನು ಯಾರು ಬೇಕಾದರೂ ಮತ್ತೆ ತಿದ್ದಬಹುದು. ಉಚ್ಚೆ ಹೊಯ್ಯುವುದನ್ನು ತಡೆಯಲು ದೇವರ ಪಟದ ಟೈಲ್ಸ್ ಅಂಟಿಸುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಆತುರದಲ್ಲಿರುವವನು ಎರಡು ಮಾರು ಆಚೆ ಹೋಗುತ್ತಾನೆ, ಎಲ್ಲ ಧರ್ಮದ ದೇವರುಗಳೂ ದುರ್ವಾಸನೆಯ ನಡುವೆ ಉಳಿಯುತ್ತವೆ; ಅಲ್ಲಿ ಬೇಕಾದದ್ದು ಶೌಚಾಲಯ. ಇದಕ್ಕಿಂತ ರಂಗೋಲಿ ಮೇಲು. ತೆರವುಗೊಳಿಸಿದ ಜಾಗದಲ್ಲಿ ಪೌರಕಾರ್ಮಿಕ ಮಹಿಳೆಯರು ಬೆಳಿಗ್ಗೆ ರಂಗೋಲಿ ಬಿಡುವುದನ್ನು ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಕಾಣಬಹುದು. ರಂಗೋಲಿ ಇರುವ ಕಡೆ ಒಂದು ಮನೆ ಇದೆ, ಈ ಹೊತ್ತಿನಲ್ಲಿ ಯಾರೋ ಎದ್ದು ಬಂದು ಈ ನೆಲವನ್ನು ಸಾರಿಸಿದ್ದಾರೆ ಎಂಬುದು ನಮ್ಮವರಿಗೆ ಓದದೆಯೇ ತಿಳಿಯುತ್ತದೆ, ಅದರ ಮೇಲೆ ಚೀಲ ಎಸೆಯಲು ಕೈ ಹಿಂಜರಿಯುತ್ತದೆ. ಕುಂಡಗಳನ್ನು ಇಡುವುದಾದರೆ ಇಬ್ಬರಿಗೂ ಎತ್ತಲಾಗದ ಸಿಮೆಂಟಿನವನ್ನೇ ಇಡಿ. ಗಿಡಗಳಲ್ಲಿ ನೀರು ಮರೆತರೂ ಬದುಕುವ ಕಣಗಿಲೆ, ದನ ಮೂಸದ ಭೂತಾಳೆ ಒಳ್ಳೆಯವು.

ಕೆಲಸ ಮುಗಿದ ಮೇಲೆ ಆ ಬೀದಿಯ ಪೌರಕಾರ್ಮಿಕರೊಂದಿಗೆ ಕೂತು ಇಡ್ಲಿ ತಿನ್ನಿ. ಅವರಿಗೆ ಧನ್ಯವಾದ ಹೇಳುವುದಕ್ಕಷ್ಟೇ ಅಲ್ಲ, ನಾಳೆಯಿಂದ ಆ ಜಾಗವನ್ನು ಮೊದಲು ನೋಡುವವರು ಅವರೇ ಆಗಿರುವುದರಿಂದ.

ಮುಂದಿನ ಹದಿನೈದು ದಿನ ಕಠಿಣವಾದವು. ಬೆಳಿಗ್ಗೆ ಮತ್ತು ರಾತ್ರಿ ಅದೇ ಹೊತ್ತಿಗೆ ಇಬ್ಬಿಬ್ಬರು ಅಲ್ಲಿ ನಿಲ್ಲಬೇಕು, ಚೀಲ ಹಿಡಿದು ಬಂದವರಿಗೆ ಟಿಪ್ಪರ್ ಬರುವ ಹೊತ್ತನ್ನು ತಿಳಿಸಬೇಕು, ಗದರಿಸಬಾರದು. ಯಾರೂ ಇಲ್ಲದಾಗ ಒಂದು ಚೀಲ ಬಿದ್ದರೆ ಅದನ್ನು ಆ ಗಂಟೆಯೊಳಗೆ ತೆಗೆಯಬೇಕು. ಎರಡನೆಯ ಚೀಲವನ್ನು ಕರೆಯುವುದು ಮೊದಲನೆಯದೇ. ದಂಡದ ಬೋರ್ಡು ನೆಡುವುದಾದರೆ ಕೊನೆಯಲ್ಲಿ ನೆಡಿ, ಏಕೆಂದರೆ ದಂಡ ಹಾಕುವವರಿಲ್ಲದ ಬೋರ್ಡಿನ ಬುಡದಲ್ಲಿಯೇ ಎಷ್ಟೋ ಗುಡ್ಡೆಗಳು ಬೆಳೆದಿವೆ. ಹದಿನೈದು ದಿನ ಜಾಗ ಚೊಕ್ಕವಾಗಿ ಉಳಿದರೆ, ಸುತ್ತಲಿನ ಇನ್ನೂರು ಮೀಟರ್ ದೂರವನ್ನು ಒಮ್ಮೆ ನಡೆದು ನೋಡಿ. ಅಲ್ಲಿಂದ ಎದ್ದ ಕಸದ ಒಂದು ಪಾಲು ಹಿಂದಿನ ಅಡ್ಡರಸ್ತೆಯ ಯಾವುದೋ ಕಂಬದ ಬುಡವನ್ನು ಸೇರಿರುವ ಸಂಭವ ಹೆಚ್ಚು. ಸೇರಿದ್ದರೆ ಅದೇ ನೋಟ್‌ಬುಕ್ಕನ್ನು ತೆಗೆದುಕೊಂಡು, ಮರುದಿನ ಬೆಳಿಗ್ಗೆ ಐದು ಗಂಟೆಗೆ ಆ ಕಂಬದ ಎದುರು ಹೋಗಿ ಕುಳಿತುಕೊಳ್ಳಿ.