ಕತ್ತೆಯ ವಂಶಾವಳಿಗೆ ಬೇಕಾದ ಬೂದು: ಧಾರವಾಡದ ಮಳೆಗಾಲದಲ್ಲಿ ಅಕ್ವಾಟಿಂಟ್

ಸ್ಪೇನಿನ ಚಿತ್ರಕಾರ ಗೋಯಾನ ಅಚ್ಚುಚಿತ್ರಗಳ ಸರಣಿ ‘ಲೊಸ್ ಕಾಪ್ರಿಚೋಸ್’ 1799ರಲ್ಲಿ ಮ್ಯಾಡ್ರಿಡ್‌ನ ಅತ್ತರಿನ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಬಂತು. ಅದರ 80 ಅಚ್ಚುಗಳಲ್ಲಿ 39ನೆಯದು ವಂಶಾವಳಿಯ ಪುಸ್ತಕ ಬಿಡಿಸಿಕೊಂಡು ಕೂತ ಕತ್ತೆ. ಪುಟದ ತುಂಬ ಕತ್ತೆಗಳೇ. ಅಡಿಬರಹ ನಮ್ಮ ಕಡೆ ಮಾತಿನಲ್ಲಿ ‘ಅವರಜ್ಜನ ತನಕಾ ಹಿಂಗ’. ಅಲ್ಲಿ ಚುಚ್ಚುವುದು ಗೆರೆಯಲ್ಲ, ಹಿಂದಿನ ಬೂದು. ಆ ಬೂದು ತರುವ ವಿಧಾನವೇ ಅಕ್ವಾಟಿಂಟ್: ತಗಡಿನ ಮೇಲೆ ರಾಳದ ಕಾಳು ಕೂರಿಸಿ, ನಡುವಿನ ಸಂದುಗಳನ್ನು ಆಮ್ಲದಿಂದ ಕೊರೆಸಿ, ಆ ಗುಳಿಗಳಲ್ಲಿ ನಿಂತ ಶಾಯಿಯನ್ನು ಕಾಗದಕ್ಕೆ ಒತ್ತುವುದು.

1 ಮಿ.ಮೀ. ತಾಮ್ರದ ತಗಡು, ಸುಮಾರು 15×21 ಸೆಂ.ಮೀ. ಸಾಕು. ಅಂಚುಗಳನ್ನು ಅರದಿಂದ ಇಳಿಜಾರು ಮಾಡಿ, ಇಲ್ಲವಾದರೆ ಒತ್ತುಯಂತ್ರದಲ್ಲಿ ಕಾಗದ ಹರಿಯುತ್ತದೆ. ಚಾಕ್ ಪುಡಿಯಿಂದ ಉಜ್ಜಿ ತೊಳೆಯಿರಿ. ನೀರು ಹನಿಹನಿಯಾಗಿ ನಿಂತರೆ ಜಿಡ್ಡು ಹೋಗಿಲ್ಲ. ಅಡಿಬರಹವಿದ್ದರೆ ಮೊದಲೇ ಕೊರೆದುಕೊಳ್ಳಿ.

ನುಣ್ಣಗೆ ಅರೆದ ರಾಳವನ್ನು ಎರಡು ಪದರ ಮಲ್‌ಮಲ್ ಬಟ್ಟೆಯಲ್ಲಿ ಕಟ್ಟಿ, ತಗಡಿನ ಮೇಲೆ ತಟ್ಟಿ ಉದುರಿಸಿ. ಅರ್ಧದಷ್ಟು ಮುಚ್ಚಿದರೆ ಸರಿ. ಕಡಿಮೆಯಾದರೆ ಆಮ್ಲ ದೊಡ್ಡ ಪಟ್ಟೆಯಾಗಿ ತಿನ್ನುತ್ತದೆ, ಆ ಜಾಗದಲ್ಲಿ ಶಾಯಿ ನಿಲ್ಲದು. ಹೆಚ್ಚಾದರೆ ಆಮ್ಲಕ್ಕೆ ದಾರಿಯೇ ಇಲ್ಲ. ಮಾಸ್ಕ್ ಹಾಕಿ, ಉದುರಿಸುವಾಗ ಹತ್ತಿರ ಬೆಂಕಿ ಇರಕೂಡದು: ಗಾಳಿಯಲ್ಲಿ ತೇಲುವ ರಾಳ ಭಗ್ಗನೆ ಹೊತ್ತುತ್ತದೆ. ಜೂನ್-ಜುಲೈನ ಜಿಟಿಜಿಟಿ ಮಳೆಯಲ್ಲಿ ಪುಡಿ ಗಂಟು ಕಟ್ಟುವುದೇ ಇಲ್ಲಿಯ ದೊಡ್ಡ ಕಾಟ. ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತಗಡನ್ನು ಮೊದಲೇ ತುಸು ಬೆಚ್ಚಗೆ ಮಾಡಿಕೊಳ್ಳಿ. ಉದುರಿಸಿ, ತೇಲುವ ಪುಡಿ ಪೂರ್ತಿ ಕೂತ ಮೇಲೆ ತಗಡನ್ನು ಕೆಳಗಿನಿಂದ ಕಾಯಿಸಿ. ಬಿಳಿ ಪುಡಿ ಪಾರದರ್ಶಕವಾಗಿ ಮಿನುಗಿದ ಕೂಡಲೇ ಇಳಿಸಿ. ಇನ್ನೂ ಬಿಟ್ಟರೆ ಕಾಳುಗಳು ಕರಗಿ ಒಂದಾಗುತ್ತವೆ.

ಹಿಂಭಾಗ, ಅಂಚು, ಮತ್ತು ಬಿಳಿಯಾಗಿ ಉಳಿಯಬೇಕಾದ ಜಾಗಗಳಿಗೆ ಆಮ್ಲ ತಾಗದಂತೆ ತಡೆಯುವ ಅಸ್ಫಾಲ್ಟಮ್ ವಾರ್ನಿಷ್ ಹಚ್ಚಿ, ಪೂರ್ತಿ ಒಣಗಿಸಿ. ಇಲ್ಲಿ ಆಮ್ಲ ಎಂದದ್ದು ಫೆರಿಕ್ ಕ್ಲೋರೈಡ್ ಎಂಬ ಲವಣದ ದ್ರಾವಣಕ್ಕೆ, ಸರ್ಕಿಟ್ ಬೋರ್ಡ್‌ಗೆ ಬಳಸುವಂಥದೇ. ಪುಡಿಯನ್ನು ನೀರಿಗೆ ಹಾಕಿ, ಪುಡಿಗೆ ನೀರು ಸುರಿಯಬೇಡಿ. ಆಳವಾದ ಪ್ಲಾಸ್ಟಿಕ್ ಪಾತ್ರೆಯಲ್ಲಿ ತಗಡನ್ನು ನಿಲ್ಲಿಸಿಡಿ, ಮಲಗಿಸಿದರೆ ಮಡ್ಡಿ ಕೂತು ಕೊರೆತ ನಿಲ್ಲುತ್ತದೆ. 30 ಸೆಕೆಂಡಿಗೆ ತಿಳಿಬೂದು. ತೊಳೆದು, ಒಣಗಿಸಿ, ತಿಳಿಯಾಗಿಯೇ ಉಳಿಯಬೇಕಾದ ಭಾಗವನ್ನು ವಾರ್ನಿಷ್‌ನಿಂದ ಮುಚ್ಚಿ, ಮತ್ತೆ 1 ನಿಮಿಷ, ಆಮೇಲೆ 2, ಕೊನೆಗೆ 5. ಗಡಿಯಾರ ನಂಬುವ ಮೊದಲು ತುಂಡು ತಗಡಿನ ಮೇಲೆ ಪರೀಕ್ಷೆ ಮಾಡಿ. ದ್ರವದ ಸಾಂದ್ರತೆ, ಚಳಿ ಎರಡೂ ಲೆಕ್ಕ ಕೆಡಿಸುತ್ತವೆ. ಬಳಸಿದ ದ್ರವ ಗಟಾರಕ್ಕೆ ಬೇಡ, ತಾಮ್ರ ಅದರಲ್ಲೇ ಇದೆ.

ಅಚ್ಚಿಗೆ ಹತ್ತಿಯ ಕಾಗದವನ್ನು ಅರ್ಧ ಗಂಟೆ ನೆನೆಸಿ, ಒತ್ತಿ ನೀರು ತೆಗೆಯಿರಿ. ತಗಡಿನ ರಾಳ, ವಾರ್ನಿಷ್ ತೆಗೆದು ಶಾಯಿ ಹಚ್ಚಿ, ಹೆಚ್ಚಾದದ್ದನ್ನು ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದ ಹಗುರಾಗಿ. ಜೋರಾಗಿ ಒರೆಸಿದರೆ ಕತ್ತೆಯೇ ಮಾಯ. ಬೂದು ಹೆಚ್ಚಾದ ಕಡೆ ಉಕ್ಕಿನ ನಯಗಾರಿಯಿಂದ (ಬರ್ನಿಶರ್) ತಿಕ್ಕಿ ತಿಳಿಮಾಡಬಹುದು. ಆದರೆ ಕನ್ನಡದ ಒತ್ತಕ್ಷರ ಅಚ್ಚಿನಲ್ಲಿ ತಿರುಗುಮುರುಗಾದರೆ ಅದಕ್ಕೆ ಮದ್ದಿಲ್ಲ: ತಗಡಿನ ಮೇಲೆ ಅಡಿಬರಹವನ್ನು ಕನ್ನಡಿಬಿಂಬದಂತೆ ಉಲ್ಟಾ ಕೊರೆಯಬೇಕು. ಕೊರೆಯುವ ಮೊದಲು ಕನ್ನಡಿಯಲ್ಲಿ ಒಮ್ಮೆ ಓದಿಕೊಳ್ಳಿ.